ಟಾಕ್ ಟಾಕ್ ಎಲ್ಲಿಗೆ ಹೊರಟಿತ್ತು?

(ರಾಕ್ ಸಂಗೀತ ಕೇಳುವವರ ಒಂದು ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಹಾಡು ಹಾಕಿ ಕೇಳಿಸಿದ ಕಡೆ, ಅಲ್ಲಿ ಏನು ಕೇಳುತ್ತದೆ ಅಂತ ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಬ್ಯಾಂಡ್‌ನ ಹೊಸ ಆಲ್ಬಮ್ ಹಿಂದಿನದರ ಥರ ಇಲ್ಲ ಅಂದರೆ ಕೇಳುಗರು ಮೊದಲು ಹೇಳುವುದು ಒಂದೇ: "ಇವರು ದಾರಿ ಬದಲಿಸಿದರು." ಮೆಚ್ಚಿದವರೂ ಹೀಗೇ ಹೇಳುತ್ತಾರೆ, ಸಿಟ್ಟಾದವರೂ ಹೀಗೇ ಹೇಳುತ್ತಾರೆ. ಅದು ಎಲ್ಲಾ ಸಲ ನಿಜ ಅಂತ ನನಗೆ ಅನ್ನಿಸುವುದಿಲ್ಲ. ಯಾಕೆ ಅಂತ ಹೇಳೋಕೆ ಒಂದೇ ಒಂದು ಆಲ್ಬಮ್ ಆರಿಸಿಕೊಂಡಿದ್ದೇನೆ. ಇಂಗ್ಲೆಂಡಿನ ಟಾಕ್ ಟಾಕ್ ಬ್ಯಾಂಡ್‌ನ 'ಸ್ಪಿರಿಟ್ ಆಫ್ ಈಡನ್'. ಬಂದದ್ದು 1988ರ ಸೆಪ್ಟೆಂಬರ್‌ನಲ್ಲಿ, ಇಎಂಐ ಕಂಪನಿಯಿಂದ.

ಆಗಿನ ಕೇಳುಗನ ಜಾಗದಲ್ಲಿ ನಿಂತು ನೋಡಿ. ಎರಡು ವರ್ಷದ ಹಿಂದೆ, 1986ರಲ್ಲಿ, ಇದೇ ಬ್ಯಾಂಡ್ 'ಲೈಫ್ಸ್ ವಾಟ್ ಯು ಮೇಕ್ ಇಟ್' ಅನ್ನುವ ಹಾಡು ಕೊಟ್ಟಿತ್ತು. ಪಿಯಾನೋದ ಕೆಳ ಸ್ವರಗಳಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ, ಡ್ರಮ್ಸ್ ನೇರವಾಗಿ ಎದೆಗೆ ಬಡಿಯುತ್ತದೆ, ಒಮ್ಮೆ ಕೇಳಿದರೆ ತಲೆಯಿಂದ ಹೋಗುವುದಿಲ್ಲ. ಬ್ರಿಟನ್‌ನಲ್ಲಿ ಮಾರಾಟದ ಪಟ್ಟಿಯಲ್ಲಿ 16ನೇ ಸ್ಥಾನಕ್ಕೆ ಏರಿತು. ಆ ಹಾಡಿದ್ದ 'ದಿ ಕಲರ್ ಆಫ್ ಸ್ಪ್ರಿಂಗ್' ಆಲ್ಬಮ್ 8ನೇ ಸ್ಥಾನಕ್ಕೆ ಹೋಯಿತು. ಅವರ ಸ್ಟುಡಿಯೋ ಆಲ್ಬಮ್‌ಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಅದೇ. ಹಾಗಾಗಿ ಮುಂದಿನ ಆಲ್ಬಮ್ ತಂದು, ಸೂಜಿ ಇಟ್ಟು ಕಾಯುತ್ತೀರಿ. ಏನೂ ಕೇಳುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎಲ್ಲೋ ದೂರದಲ್ಲಿ ಒಂದು ತುತ್ತೂರಿ, ಅದರ ಕೆಳಗೆ ತಂತಿವಾದ್ಯದ ತೆಳುವಾದ ಎಳೆ. ತಾಳ ಇಲ್ಲ. ಹಾಡುಗಾರ ಇಲ್ಲ. ನಿಮಿಷ ಕಳೆಯುತ್ತದೆ, ಇನ್ನೊಂದು ನಿಮಿಷ ಕಳೆಯುತ್ತದೆ. ಇಡೀ ಆಲ್ಬಮ್‌ನಲ್ಲಿ ಇರುವುದು ಆರೇ ಹಾಡು. ಮೊದಲ ಮೂರು ಒಂದಕ್ಕೊಂದು ಸೇರಿಕೊಂಡು ಸುಮಾರು 23 ನಿಮಿಷದ ಒಂದೇ ಹರಿವಾಗಿ ಹೋಗುತ್ತವೆ. ರೇಡಿಯೋದಲ್ಲಿ ಹಾಕೋಕೆ ಸರಿಹೊಂದುವ ಹಾಡು ಒಂದೂ ಇಲ್ಲ. ಇದು ಅದೇ ಬ್ಯಾಂಡಾ ಅಂತ ಕವರ್ ತಿರುಗಿಸಿ ನೋಡಿದವರು ಎಷ್ಟೋ ಜನ ಇರಬೇಕು.

ನಾನು ಹೇಳಬೇಕಾದದ್ದು ಇಷ್ಟು. ಟಾಕ್ ಟಾಕ್ 1988ರಲ್ಲಿ ದಾರಿ ಬದಲಿಸಲಿಲ್ಲ. ಅವರು ಹೋಗಬೇಕು ಅಂದುಕೊಂಡಿದ್ದ ಕಡೆಗೆ ಹೋಗೋಕೆ ಬೇಕಾದ ದುಡ್ಡೂ ಸಮಯವೂ ಅವರ ಕೈಗೆ ಸಿಕ್ಕಿದ್ದು ಆಗಲೇ. ಅದಕ್ಕೂ ಮೊದಲಿನ ವರ್ಷಗಳೇ ಒಂದು ಸುತ್ತುದಾರಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ಬ್ಯಾಂಡ್ ಶುರುವಾದದ್ದು 1981ರಲ್ಲಿ, ಲಂಡನ್ನಿನಲ್ಲಿ. ಹಾಡುಗಾರ ಮಾರ್ಕ್ ಹಾಲಿಸ್, ಬೇಸ್ ಗಿಟಾರ್‌ಗೆ ಪಾಲ್ ವೆಬ್, ಡ್ರಮ್ಸ್‌ಗೆ ಲೀ ಹ್ಯಾರಿಸ್, ಕೀಬೋರ್ಡ್‌ಗೆ ಸೈಮನ್ ಬ್ರೆನ್ನರ್. ಗಿಟಾರ್ ವಾದಕ ಇಲ್ಲ ಅನ್ನುವುದನ್ನು ಗಮನಿಸಿ. ಅದು ಸಿಂತಸೈಜರ್ ಕಾಲ, ಅಂದರೆ ವಿದ್ಯುತ್ತಿನಿಂದ ಬೇರೆ ಬೇರೆ ಸದ್ದು ಹುಟ್ಟಿಸುವ ಕೀಬೋರ್ಡ್‌ಗಳ ಕಾಲ. ಇಎಂಐ ಕಂಪನಿ ಇವರನ್ನು ತೆಗೆದುಕೊಂಡಿತು. ಅದೇ ಕಂಪನಿಯಲ್ಲಿ ಆಗ ಡ್ಯುರಾನ್ ಡ್ಯುರಾನ್ ಅನ್ನುವ ಪಾಪ್ ಬ್ಯಾಂಡ್ ಮೇಲಕ್ಕೆ ಏರುತ್ತಿತ್ತು. ಅವರ ಜೊತೆ ಕೆಲಸ ಮಾಡಿದ್ದ ಕಾಲಿನ್ ಥರ್ಸ್ಟನ್‌ನನ್ನೇ ಇವರ ಮೊದಲ ಆಲ್ಬಮ್‌ಗೂ ಪ್ರೊಡ್ಯೂಸರ್ (ರೆಕಾರ್ಡಿಂಗ್ ಕೆಲಸವನ್ನು ನಡೆಸುವವನು) ಮಾಡಿದರು, ಅವರ ಪ್ರವಾಸದಲ್ಲೇ ಇವರನ್ನು ಮೊದಲು ನುಡಿಸೋಕೆ ಕಳಿಸಿದರು. ಎರಡೂ ಬ್ಯಾಂಡ್‌ಗಳ ಹೆಸರಿನಲ್ಲಿ ಒಂದೇ ಪದ ಎರಡು ಸಲ ಬರುತ್ತದೆ. ಪತ್ರಿಕೆಗಳು ಹೋಲಿಸದೆ ಬಿಡುತ್ತವಾ? 1982ರಲ್ಲಿ ಬಂದ 'ದಿ ಪಾರ್ಟೀಸ್ ಓವರ್' ಕೇಳಿದರೆ ಆ ಕಾಲದ ಅಚ್ಚು ಅದರ ಮೇಲೆ ಚೆನ್ನಾಗಿ ಬಿದ್ದಿರುವುದು ಗೊತ್ತಾಗುತ್ತದೆ. ಕೆಟ್ಟ ಆಲ್ಬಮ್ ಅಲ್ಲ. ಆದರೆ ಅದರ ಬಟ್ಟೆಯನ್ನು ಬೇರೆ ಯಾರೋ ಹೊಲಿದಿದ್ದಾರೆ.

ಇಲ್ಲಿ ಒಂದು ವಿಷಯ ಮುಖ್ಯ. ಸಿಂತಸೈಜರ್ ಬಗ್ಗೆ ಹಾಲಿಸ್ ಸಂದರ್ಶನಗಳಲ್ಲಿ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದ. ತಾನು ಅದನ್ನು ಬಳಸುವುದು ಖರ್ಚು ಕಡಿಮೆ ಅನ್ನುವ ಕಾರಣಕ್ಕೆ, ಅದರ ಮೇಲೆ ತನಗೆ ಪ್ರೀತಿ ಏನೂ ಇಲ್ಲ ಅಂತ. ತಂತಿವಾದ್ಯದ ಗುಂಪು ಬೇಕು ಅಂದರೆ ಅಷ್ಟೂ ಜನರನ್ನು ಕರೆಸಬೇಕು, ದುಡ್ಡು ಕೊಡಬೇಕು, ಅವರು ಹಿಡಿಯುವಷ್ಟು ದೊಡ್ಡ ಕೋಣೆಯನ್ನು ಬಾಡಿಗೆಗೆ ತೆಗೆದುಕೊಳ್ಳಬೇಕು. ಹೊಸ ಬ್ಯಾಂಡ್‌ಗೆ ಅದು ಎಲ್ಲಿಂದ ಸಾಧ್ಯ? ಒಂದು ಕೀಬೋರ್ಡ್ ಇದ್ದರೆ ಅದರ ಹತ್ತಿರ ಹತ್ತಿರ ಬರುವ ಸದ್ದು ಸಿಗುತ್ತದೆ. ಅವನಿಗೆ ಇಷ್ಟವಾಗುತ್ತಿದ್ದ ಸಂಗೀತ ಯಾವುದು ಅಂತ ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ: ಜಾಝ್ ಸಂಗೀತಗಾರರಾದ ಮೈಲ್ಸ್ ಡೇವಿಸ್ ಮತ್ತು ಗಿಲ್ ಇವಾನ್ಸ್ ಸೇರಿ ಮಾಡಿದ ಆಲ್ಬಮ್‌ಗಳು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಡೆಬ್ಯುಸಿ, ಸಾಟಿ, ಬಾರ್ಟೋಕ್, ಜರ್ಮನಿಯ ಕ್ಯಾನ್ ಬ್ಯಾಂಡ್. ಡಿಸ್ಕೋ ದೀಪಗಳ ಕೆಳಗೆ ಕುಣಿಸುವ ಸಂಗೀತ ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. 1982ರಲ್ಲಿ ಈ ಮನುಷ್ಯನನ್ನು ಡ್ಯುರಾನ್ ಡ್ಯುರಾನ್‌ನ ತಮ್ಮ ಅಂತ ಮಾರೋಕೆ ಹೊರಟಿದ್ದರು.

ಮೊದಲ ಆಲ್ಬಮ್ ಆದ ಮೇಲೆ ಬ್ರೆನ್ನರ್ ಹೊರಟುಹೋದ. ಆಮೇಲೆ ಬಂದವನು ಟಿಮ್ ಫ್ರೀಸ್-ಗ್ರೀನ್. ಪ್ರೊಡ್ಯೂಸರ್ ಅವನೇ, ಕೀಬೋರ್ಡ್ ನುಡಿಸುವವನೂ ಅವನೇ, ಹಾಲಿಸ್ ಜೊತೆ ಕೂತು ಹಾಡು ಬರೆಯುವವನೂ ಅವನೇ. ಆದರೂ ಅವನು ಬ್ಯಾಂಡ್‌ನ ಅಧಿಕೃತ ಸದಸ್ಯ ಆಗಲೇ ಇಲ್ಲ, ಫೋಟೋಗಳಲ್ಲಿ ನಿಲ್ಲಲಿಲ್ಲ. ಟಾಕ್ ಟಾಕ್ ಬಗ್ಗೆ ಮಾತಾಡುವವರು ಹಾಲಿಸ್ ಒಬ್ಬನ ಹೆಸರು ಹೇಳಿ ಮುಗಿಸುವುದು ನನಗೆ ಬೇಜಾರು ತರುತ್ತದೆ. ಮುಂದಿನ ಎಲ್ಲಾ ಆಲ್ಬಮ್‌ಗಳಿಗೂ ಇವರಿಬ್ಬರೂ ಹೊಣೆ.

1984ರಲ್ಲಿ 'ಇಟ್ಸ್ ಮೈ ಲೈಫ್' ಬಂತು. ಅದರಲ್ಲಿದ್ದ 'ಸಚ್ ಎ ಶೇಮ್' ಯುರೋಪಿನ ಹಲವು ದೇಶಗಳಲ್ಲಿ ದೊಡ್ಡ ಹಿಟ್. ಶೀರ್ಷಿಕೆ ಹಾಡಿನ ವಿಡಿಯೋ ಇದೆಯಲ್ಲ, ಅದನ್ನು ನೀವು ಒಮ್ಮೆ ನೋಡಲೇಬೇಕು. ನಿರ್ದೇಶಕ ಟಿಮ್ ಪೋಪ್. ಜಾಗ ಲಂಡನ್ ಮೃಗಾಲಯ. ಹಾಡು ನಡೆಯುತ್ತಿದೆ, ಹಾಲಿಸ್ ನಡುವೆ ನಿಂತಿದ್ದಾನೆ, ಬಾಯಿ ಮುಚ್ಚಿಕೊಂಡು! ಎಲ್ಲರೂ ಹಾಡಿಗೆ ತುಟಿ ಆಡಿಸುವ ಕಾಲದಲ್ಲಿ ಅವನು ತುಟಿ ಆಡಿಸೋಕೆ ಒಪ್ಪಲಿಲ್ಲ. ಅವನ ಬಾಯಿಯ ಮೇಲೆ ಗೆರೆಗಳು ಓಡಾಡುತ್ತವೆ, ಅವನು ಸುಮ್ನೆ ನಿಂತಿರುತ್ತಾನೆ. ಕಂಪನಿಗೆ ಇದು ಹಿಡಿಸಲಿಲ್ಲ, ಮತ್ತೆ ಚಿತ್ರೀಕರಣ ಮಾಡಿಸಿದರು. ಆಗ ಬ್ಯಾಂಡ್‌ನವರು ಬೇಕೆಂದೇ ವಿಪರೀತ ಉತ್ಸಾಹದಿಂದ ತುಟಿ ಆಡಿಸಿಬಿಟ್ಟರು. 1988ರ ಆಲ್ಬಮ್ ಎಲ್ಲಿಂದಲೋ ಹಠಾತ್ತನೆ ಬಿದ್ದದ್ದು ಅನ್ನುವವರಿಗೆ ನಾನು ಈ ವಿಡಿಯೋ ತೋರಿಸುತ್ತೇನೆ. ತನ್ನ ಕೆಲಸ ಯಾವುದು, ಯಾವುದು ಅಲ್ಲ ಅನ್ನುವುದು ಅವನಿಗೆ ನಾಲ್ಕು ವರ್ಷದ ಹಿಂದೆಯೇ ಗೊತ್ತಿತ್ತು.

1986ರ 'ದಿ ಕಲರ್ ಆಫ್ ಸ್ಪ್ರಿಂಗ್' ಹೊತ್ತಿಗೆ ಕೈಯಲ್ಲಿ ಸ್ವಲ್ಪ ದುಡ್ಡು ಬಂದಿತ್ತು. ಸಿಂತಸೈಜರ್ ಹಿಂದೆ ಸರಿಯಿತು, ನಿಜವಾದ ವಾದಕರು ಬಂದರು. ಆರ್ಗನ್ ನುಡಿಸೋಕೆ ಸ್ಟೀವ್ ವಿನ್‌ವುಡ್, ಡಬಲ್ ಬೇಸ್‌ಗೆ ಡ್ಯಾನಿ ಥಾಂಪ್ಸನ್, ಒಂದು ಹಾಡಿಗೆ ಮಕ್ಕಳ ಕೋರಸ್. ಹಿಟ್ ಹಾಡುಗಳನ್ನು ಎಲ್ಲರೂ ನೆನಪಿಟ್ಟುಕೊಂಡರು. ಆದರೆ ಅದೇ ಆಲ್ಬಮ್‌ನಲ್ಲಿ 'ಏಪ್ರಿಲ್ 5ತ್' ಅಂತ ಒಂದು ಹಾಡಿದೆ, 'ಕಮೀಲಿಯನ್ ಡೇ' ಅಂತ ಇನ್ನೊಂದಿದೆ.

(ಇಲ್ಲಿ 'ಕಮೀಲಿಯನ್ ಡೇ' ಕೇಳಿಸಿದೆ. ಡ್ರಮ್ಸ್ ಇಲ್ಲ. ಸ್ವರಗಳು ಒಂದೊಂದೇ ಬರುತ್ತವೆ, ನಡುವೆ ಖಾಲಿ ಜಾಗ. ಧ್ವನಿ ತೀರಾ ಮೆಲ್ಲಗೆ ಶುರುವಾಗಿ ಇದ್ದಕ್ಕಿದ್ದಂತೆ ಏರುತ್ತದೆ.)

ಕೇಳಿದಿರಲ್ಲ. ಈ ಹಾಡನ್ನು ತೆಗೆದು 'ಸ್ಪಿರಿಟ್ ಆಫ್ ಈಡನ್' ಒಳಗೆ ಇಟ್ಟರೆ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಂದರೆ ಹೊಸ ಆಲ್ಬಮ್ ಹಳೆಯದರ ಒಳಗೇ ಇತ್ತು, ಎರಡು ಹಾಡಿನಷ್ಟು ಜಾಗದಲ್ಲಿ. ನಾವು ಹಿಟ್‌ಗಳನ್ನಷ್ಟೇ ಕೇಳಿ, ಈ ಎರಡನ್ನು ದಾಟಿಸಿಕೊಂಡು ಹೋಗಿದ್ದರಿಂದ ಮುಂದಿನದು ಆಘಾತ ಅನ್ನಿಸಿತು.

ಈಗ ಮುಖ್ಯ ಭಾಗಕ್ಕೆ ಬರುತ್ತೇನೆ, ಆಲ್ಬಮ್ ಹೇಗೆ ಆಯಿತು ಅನ್ನುವುದಕ್ಕೆ. ನನ್ನ ಮಟ್ಟಿಗೆ ಬ್ಯಾಂಡ್‌ನ ನಿಜವಾದ ಬದಲಾವಣೆ ಇದ್ದದ್ದು ಇಲ್ಲಿ. ಕೇಳುವ ಸದ್ದು ಬದಲಾದದ್ದು ಇದರ ಫಲ.

'ದಿ ಕಲರ್ ಆಫ್ ಸ್ಪ್ರಿಂಗ್' ಗೆದ್ದಿದ್ದರಿಂದ ಇಎಂಐ ಇವರಿಗೆ ಕೈತುಂಬಾ ದುಡ್ಡು ಮತ್ತು ಸಮಯ ಕೊಟ್ಟಿತು. ಇವರು ಸೇರಿಕೊಂಡದ್ದು ಲಂಡನ್ನಿನ ಹೈಬರಿ ಭಾಗದಲ್ಲಿದ್ದ ವೆಸೆಕ್ಸ್ ಸ್ಟುಡಿಯೋಗೆ. ಹಿಂದೆ ಚರ್ಚ್‌ಗೆ ಸೇರಿದ್ದ ಸಭಾಂಗಣ ಅದು. ಕ್ಲ್ಯಾಶ್ ಬ್ಯಾಂಡ್ 'ಲಂಡನ್ ಕಾಲಿಂಗ್' ರೆಕಾರ್ಡ್ ಮಾಡಿದ್ದೂ ಅಲ್ಲೇ. 1987ರ ಮೇ ತಿಂಗಳಿಂದ 1988ರ ಮಾರ್ಚ್‌ವರೆಗೆ ಕೆಲಸ ನಡೆಯಿತು. ಸೌಂಡ್ ಎಂಜಿನಿಯರ್ ಫಿಲ್ ಬ್ರೌನ್. ಅವನು ಆಮೇಲೆ ಆ ತಿಂಗಳುಗಳ ಬಗ್ಗೆ ವಿವರವಾಗಿ ಹೇಳಿದ್ದಾನೆ, ಹಾಗಾಗಿ ಒಳಗೆ ಏನಾಯಿತು ಅಂತ ನಮಗೆ ಚೆನ್ನಾಗಿ ಗೊತ್ತು.

ಸ್ಟುಡಿಯೋದ ದೀಪ ಆರಿಸಿದರು. ಕತ್ತಲೆಯಲ್ಲಿ ಎಣ್ಣೆಯ ಬಣ್ಣಗಳನ್ನು ಗೋಡೆಗೆ ಬಿಡುವ ಪ್ರೊಜೆಕ್ಟರ್, ಮಿನುಗುವ ಸ್ಟ್ರೋಬ್ ದೀಪ, ಇಷ್ಟೇ ಬೆಳಕು. ದಿನ ಪೂರ್ತಿ ಹೀಗೆ, ತಿಂಗಳುಗಟ್ಟಲೆ ಹೀಗೆ. ಹೊತ್ತು ಎಷ್ಟಾಯಿತು ಅಂತ ಒಳಗಿದ್ದವರಿಗೆ ಗೊತ್ತಾಗುತ್ತಿರಲಿಲ್ಲ. ಕಂಪನಿಯವರು ಬಂದು ಕೇಳುವ ಹಾಗಿಲ್ಲ, ಅರ್ಧ ಆದ ಟೇಪ್ ಹೊರಗೆ ಹೋಗುವ ಹಾಗಿಲ್ಲ.

ವಾದಕರನ್ನು ಕರೆಸುತ್ತಿದ್ದರು. ಎಂಥೆಂಥವರು ಅಂತ ನೋಡಿ. ತುತ್ತೂರಿಗೆ ಜಾಝ್ ಲೋಕದ ಹೆನ್ರಿ ಲೋಥರ್. ಹಾರ್ಮೋನಿಕಾಕ್ಕೆ ಮಾರ್ಕ್ ಫೆಲ್ತಮ್. ಪಿಟೀಲಿಗೆ ನೈಜೆಲ್ ಕೆನಡಿ, ಮರುವರ್ಷವೇ ವಿವಾಲ್ಡಿ ನುಡಿಸಿ ಇಡೀ ಬ್ರಿಟನ್‌ಗೆ ಪರಿಚಿತನಾದವನು. ಹ್ಯೂ ಡೇವಿಸ್ ಅಂತ ಇನ್ನೊಬ್ಬ, ಹಿಂದೆ ಜರ್ಮನಿಯ ಪ್ರಯೋಗಶೀಲ ಸಂಗೀತಗಾರ ಸ್ಟಾಕ್‌ಹೌಸನ್‌ಗೆ ಸಹಾಯಕನಾಗಿದ್ದವನು. ಅವನು ತಾನೇ ಕಟ್ಟಿಕೊಂಡ ಶೋಝಿಗ್ ಅನ್ನುವ ವಾದ್ಯ ತಂದ. ಒಂದು ವಿಶ್ವಕೋಶದ ಸಂಪುಟದ ರಟ್ಟಿನ ಒಳಗೆ ಸಣ್ಣಪುಟ್ಟ ಲೋಹದ ವಸ್ತುಗಳು, ಸ್ಪ್ರಿಂಗ್‌ಗಳು, ಮೈಕ್. ಬೆರಳಿನಿಂದ ಕೆರೆದರೆ ಸದ್ದು. ಒಂದು ಪಾಪ್ ಬ್ಯಾಂಡ್‌ನ ಆಲ್ಬಮ್‌ಗೆ!

ಬಂದವರ ಮುಂದೆ ಬರೆದ ಸ್ವರಗಳನ್ನು ಇಡುತ್ತಿರಲಿಲ್ಲ. ಕತ್ತಲೆಯಲ್ಲಿ ನಿಲ್ಲಿಸಿ, ಹಾಡಿನ ಒಂದು ತುಂಡು ಹಾಕಿ, ನಿಮಗೆ ತೋಚಿದ್ದು ನುಡಿಸಿ ಅನ್ನುತ್ತಿದ್ದರು. ಗಂಟೆಗಟ್ಟಲೆ ನುಡಿಸುತ್ತಿದ್ದರು. ಅವರು ಹೋದ ಮೇಲೆ ಹಾಲಿಸ್ ಮತ್ತು ಫ್ರೀಸ್-ಗ್ರೀನ್ ಕೂತು ಎಲ್ಲವನ್ನೂ ಕೇಳಿ, ಅದರಲ್ಲಿ ಕೆಲವು ಕ್ಷಣಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಅಳಿಸಿಬಿಡುತ್ತಿದ್ದರು, ಚೆನ್ನಾಗಿ ನುಡಿಸಿದ್ದನ್ನೂ ಸೇರಿಸಿ. ಅವರು ಹುಡುಕುತ್ತಿದ್ದದ್ದು ವಾದಕನ ಕೈ ಅಭ್ಯಾಸದಿಂದ ತಪ್ಪಿಸಿಕೊಂಡ ಗಳಿಗೆಯನ್ನು. ಉಳಿಸಿಕೊಂಡ ತುಣುಕುಗಳನ್ನು ಡಿಜಿಟಲ್ ಉಪಕರಣದಲ್ಲಿ ಹಿಂದೆ ಮುಂದೆ ಸರಿಸಿ ಜೋಡಿಸುತ್ತಿದ್ದರು. ಇದು ನನಗೆ ಎಷ್ಟು ಸಲ ಯೋಚಿಸಿದರೂ ಬೆರಗು: ಕೇಳುವಾಗ ಹತ್ತಾರು ಜನ ಒಂದೇ ಕೋಣೆಯಲ್ಲಿ ಕೂತು, ಒಬ್ಬರ ಉಸಿರನ್ನು ಇನ್ನೊಬ್ಬರು ಕೇಳಿಸಿಕೊಂಡು ನುಡಿಸುತ್ತಿದ್ದಾರೆ ಅನ್ನಿಸುತ್ತದೆ, ಆದರೆ ಅವರಲ್ಲಿ ಬಹಳ ಜನ ಒಬ್ಬರನ್ನೊಬ್ಬರು ಭೇಟಿಯೂ ಆಗದೆ, ಬೇರೆ ಬೇರೆ ದಿನ ಬಂದು ಹೋದವರು. ಸಿಂತಸೈಜರ್ ಬೇಡ ಅಂದವನು ಆ ಕಾಲದ ಹೊಸ ಯಂತ್ರವನ್ನು ಬೇಡ ಅನ್ನಲಿಲ್ಲ. ಯಂತ್ರ ಸದ್ದು ಮಾಡುವುದು ಅವನಿಗೆ ಬೇಕಿರಲಿಲ್ಲ, ಸದ್ದನ್ನು ಜೋಡಿಸುವುದಕ್ಕೆ ಬೇಕಿತ್ತು.

ಮೈಕ್ ಬಗ್ಗೆಯೂ ಒಂದು ಮಾತು. ಎಂಬತ್ತರ ದಶಕದ ಡ್ರಮ್ಸ್ ನೆನಪಿಸಿಕೊಳ್ಳಿ. ಪ್ರತಿ ಡ್ರಮ್ಮಿಗೂ ಹತ್ತಿರ ಒಂದೊಂದು ಮೈಕ್, ಮೇಲೆ ಕೃತಕ ಪ್ರತಿಧ್ವನಿ, ಗೋಡೆ ಬಿದ್ದ ಹಾಗೆ ಸದ್ದು. ಇಲ್ಲಿ ಬ್ರೌನ್ ಮೈಕನ್ನು ದೂರ ಇಟ್ಟ. ಹಾಗಾಗಿ ಲೀ ಹ್ಯಾರಿಸ್‌ನ ಡ್ರಮ್ಸ್ ಜೊತೆ ಕೋಣೆಯೂ ಕೇಳುತ್ತದೆ. ಆ ಕಾಲದ ಎಷ್ಟೋ ಆಲ್ಬಮ್‌ಗಳಿಗೆ ಇವತ್ತು ವಯಸ್ಸಾಗಿದೆ, ಇದಕ್ಕೆ ಆಗಿಲ್ಲ. ಅದಕ್ಕೆ ಅರ್ಧ ಕಾರಣ ಈ ದೂರ ಇಟ್ಟ ಮೈಕ್.

(ಇಲ್ಲಿ ಮೊದಲ ಹಾಡು 'ದಿ ರೇನ್‌ಬೋ' ಕೇಳಿಸಿದೆ. ತುತ್ತೂರಿ ಮತ್ತು ತಂತಿವಾದ್ಯದ ನಿಧಾನದ ಶುರು. ಆಮೇಲೆ ಗಿಟಾರ್, ನಿಧಾನ ಬ್ಲೂಸ್ ನಡಿಗೆಯ ಡ್ರಮ್ಸ್, ಆಮೇಲೆ ಒಡೆದ ಸದ್ದಿನ ಹಾರ್ಮೋನಿಕಾ.)

ಆ ಹಾರ್ಮೋನಿಕಾ ಬಂದಾಗ ನಿಮ್ಮಲ್ಲಿ ಕೆಲವರು ಬೆಚ್ಚಿದ್ದು ನೋಡಿದೆ. ಅದು ಹಾರ್ಮೋನಿಕಾ ಅಂತ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕು, ಎಲೆಕ್ಟ್ರಿಕ್ ಗಿಟಾರ್ ಕಿರುಚಿದ ಹಾಗಿದೆ ಅಲ್ವಾ? ಮೊದಲ ಎರಡು ಮೂರು ನಿಮಿಷ ಕಿವಿಯನ್ನು ಅಷ್ಟು ಮೆತ್ತಗೆ ಮಾಡಿ ಇಟ್ಟಿರುತ್ತಾರೆ. ಅಲ್ಲಿ ಒಂದು ಒರಟು ಸದ್ದು ಬಂದರೆ ಅದರ ತೂಕವೇ ಬೇರೆ. ಎಲ್ಲಾ ಹೊತ್ತೂ ಜೋರಾಗಿರುವ ಹಾಡಿನಲ್ಲಿ ಇದೇ ಹಾರ್ಮೋನಿಕಾ ಇದ್ದಿದ್ದರೆ ನೀವು ಗಮನಿಸುತ್ತಲೂ ಇರಲಿಲ್ಲ. ಮೌನ ಇಲ್ಲಿ ವಾದ್ಯದ ಕೆಲಸ ಮಾಡುತ್ತದೆ. ಒಂದು ಸ್ವರ ನುಡಿಸೋಕೆ ಕಾರಣ ಇಲ್ಲದಿದ್ದರೆ ಅದನ್ನು ನುಡಿಸಬೇಡ ಅನ್ನುವುದು ಹಾಲಿಸ್‌ನ ನಂಬಿಕೆ. ಅದನ್ನು ಅವನು ಸಂದರ್ಶನಗಳಲ್ಲಿ ಹೇಳಿದ್ದೂ ಇದೆ. ಈ ಆಲ್ಬಮ್‌ನಲ್ಲಿ ಆ ನಂಬಿಕೆ ಕಿವಿಗೆ ಕೇಳುತ್ತದೆ.

ಮೂರನೆಯ ಹಾಡು 'ಡಿಸೈರ್'. ಈ ಆಲ್ಬಮ್ಮನ್ನು ಮೆಲ್ಲನೆಯ ಸಂಗೀತ ಅಂತ ಸಾರಾಸಗಟಾಗಿ ಹೇಳುವವರಿಗೆ ಈ ಹಾಡೇ ಉತ್ತರ. ಆರ್ಗನ್, ಧ್ವನಿ, ಬಹುತೇಕ ಪಿಸುಮಾತು. ಆಮೇಲೆ ಒಮ್ಮೆಲೇ ಡ್ರಮ್ಸ್, ಗಿಟಾರ್, ತಾಳವಾದ್ಯ ಎಲ್ಲಾ ಸೇರಿ ಬಾಗಿಲು ಒಡೆದು ನುಗ್ಗುತ್ತವೆ. ಆ ಜೋರು ಹೆಚ್ಚು ಹೊತ್ತು ಇರುವುದಿಲ್ಲ, ಮತ್ತೆ ಇಳಿಯುತ್ತದೆ. ರಾಕ್ ಅಂದರೆ ಜೋರಿನಿಂದ ಮೆಲ್ಲಗೆ, ಮೆಲ್ಲನೆಯದರಿಂದ ಜೋರಿಗೆ ಹಾರುವುದು ಅಂತ ತೊಂಬತ್ತರ ದಶಕದ ಬ್ಯಾಂಡ್‌ಗಳು ಕಲಿಸಿದವು ಅನ್ನುತ್ತೇವೆ. ಇಲ್ಲಿ 1988ರಲ್ಲೇ ಅದಿದೆ, ಆ ಎರಡರ ನಡುವಿನ ದೂರವೂ ಇಲ್ಲಿ ಇನ್ನೂ ಜಾಸ್ತಿ.

ಎರಡನೆಯ ಬದಿಯಲ್ಲಿ 'ಇನ್‌ಹೆರಿಟೆನ್ಸ್', 'ಐ ಬಿಲೀವ್ ಇನ್ ಯು', 'ವೆಲ್ತ್'. 'ಇನ್‌ಹೆರಿಟೆನ್ಸ್' ನಡುವೆ ಊದುವ ವಾದ್ಯಗಳ ಒಂದು ಗುಂಪು ಸುಮ್ಮನೆ ಬಂದು ಹೋಗುತ್ತದೆ, ಡೆಬ್ಯುಸಿ ಕಾಲದ ಯಾವುದೋ ತುಂಡಿನ ಹಾಗೆ. 'ಐ ಬಿಲೀವ್ ಇನ್ ಯು' ಹೆರಾಯಿನ್ ಚಟದ ವಿರುದ್ಧದ ಹಾಡು. ಹಾಲಿಸ್‌ನ ಅಣ್ಣ ಎಡ್ ಹಾಲಿಸ್, ಎಡ್ಡಿ ಅಂಡ್ ದ ಹಾಟ್ ರಾಡ್ಸ್ ಬ್ಯಾಂಡ್ ನೋಡಿಕೊಳ್ಳುತ್ತಿದ್ದವನು, ಈ ಚಟಕ್ಕೆ ಸಿಕ್ಕಿ 1989ರಲ್ಲಿ ತೀರಿಕೊಂಡ. ಮಾರ್ಕ್‌ನನ್ನು ಸಂಗೀತಕ್ಕೆ ಎಳೆದವನು ಅವನೇ. ಹಾಡು ಅಣ್ಣನೊಬ್ಬನ ಬಗ್ಗೆ ಮಾತ್ರ ಅಂತ ನಾನು ಹೇಳುವುದಿಲ್ಲ. ಆದರೆ ಕೊನೆಯಲ್ಲಿ ಚೆಲ್ಮ್ಸ್‌ಫರ್ಡ್ ಕೆಥಡ್ರಲ್‌ನ ಹಾಡುಗಾರರ ಧ್ವನಿ ಏಳುವಾಗ, ಅದು ಬಹಳ ಹತ್ತಿರದ ಒಂದು ನೋವಿನಿಂದ ಬಂದದ್ದು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಇದೇ ಹಾಡನ್ನು ಕತ್ತರಿಸಿ ಚಿಕ್ಕದು ಮಾಡಿ ಇಎಂಐ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಬಿಟ್ಟಿತು. ಓಡಲಿಲ್ಲ.

ಆಲ್ಬಮ್ ಬ್ರಿಟನ್‌ನಲ್ಲಿ 19ನೇ ಸ್ಥಾನಕ್ಕೆ ಹೋಯಿತು. ಇಂಥ ಸಂಗೀತಕ್ಕೆ ಅದು ಕೆಟ್ಟ ಸ್ಥಾನ ಏನಲ್ಲ. ಆದರೆ ಬ್ಯಾಂಡ್ ಪ್ರವಾಸ ಹೋಗಲಿಲ್ಲ. ಬೇರೆ ಬೇರೆ ದಿನಗಳ ತುಣುಕುಗಳಿಂದ ಆದದ್ದನ್ನು ವೇದಿಕೆಯ ಮೇಲೆ ಮತ್ತೆ ನುಡಿಸಿದರೆ ಅದು ನಕಲು ಆಗುತ್ತದೆ ಅನ್ನುವುದು ಹಾಲಿಸ್‌ನ ನಿಲುವು. 1986ರ ನಂತರ ಟಾಕ್ ಟಾಕ್ ವೇದಿಕೆ ಹತ್ತಲೇ ಇಲ್ಲ.

ಕಂಪನಿ ಮತ್ತು ಬ್ಯಾಂಡ್ ನಡುವಿನ ಕೋರ್ಟ್ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಒಪ್ಪಂದವನ್ನು ಮುಂದುವರಿಸುವುದಾದರೆ ಕಂಪನಿ ಇಷ್ಟು ದಿನದೊಳಗೆ ತಿಳಿಸಬೇಕು ಅಂತ ಒಂದು ಗಡುವು ಇತ್ತು. ಗಡುವು ಮುಗಿದಿದೆ, ನಾವು ಹೊರಟೆವು ಅಂತ ಬ್ಯಾಂಡ್ ಹೇಳಿತು. ರೆಕಾರ್ಡಿಂಗ್ ನಮಗೆ ತೃಪ್ತಿ ಆದ ಮೇಲೆ ಗಡುವು ಶುರುವಾಗುವುದು ಅಂತ ಕಂಪನಿ ಹೇಳಿತು. ಕೆಳಗಿನ ಕೋರ್ಟ್ ಇಎಂಐ ಪರ ತೀರ್ಪು ಕೊಟ್ಟಿತು, ಮೇಲ್ಮನವಿಯಲ್ಲಿ ಬ್ಯಾಂಡ್ ಗೆದ್ದಿತು. ಅವರು ಹೊರಟ ಮೇಲೆ, 1990ರಲ್ಲಿ, ಇಎಂಐ ಹಳೆಯ ಹಿಟ್‌ಗಳನ್ನು ಸೇರಿಸಿ 'ನ್ಯಾಚುರಲ್ ಹಿಸ್ಟರಿ' ಅಂತ ಬಿಟ್ಟಿತು. ಅದು 3ನೇ ಸ್ಥಾನಕ್ಕೆ ಹೋಯಿತು. 1984ರಲ್ಲಿ ಬ್ರಿಟನ್‌ನಲ್ಲಿ 46ನೇ ಸ್ಥಾನದಲ್ಲಿ ನಿಂತಿದ್ದ 'ಇಟ್ಸ್ ಮೈ ಲೈಫ್' ಹಾಡು ಈ ಸಲ 13ಕ್ಕೆ ಏರಿತು. ಅಂದರೆ ಬ್ಯಾಂಡ್ ಬಿಟ್ಟು ಬಂದ ಜಾಗದಲ್ಲಿ ಜನ ಆಗ ತುಂಬಿಕೊಳ್ಳುತ್ತಿದ್ದರು. ಆ ಹೊತ್ತಿಗೆ ಇವರು ಮತ್ತೆ ವೆಸೆಕ್ಸ್‌ನ ಕತ್ತಲೆಯಲ್ಲಿ ಕೂತು ಇನ್ನೂ ಕಷ್ಟದ, ಇನ್ನೂ ಖಾಲಿಯಾದ ಆಲ್ಬಮ್ ಮಾಡುತ್ತಿದ್ದರು. ಅದೇ 1991ರ 'ಲಾಫಿಂಗ್ ಸ್ಟಾಕ್', ಪಾಲಿಡಾರ್ ಕಂಪನಿಯ ಜಾಝ್ ಹೆಸರಾದ ವರ್ವ್‌ನಿಂದ ಬಂದದ್ದು. ಪಾಲ್ ವೆಬ್ ಅಷ್ಟರಲ್ಲಿ ಹೊರಟುಹೋಗಿದ್ದ. ಅದಾದ ಮೇಲೆ ಬ್ಯಾಂಡ್ ಇಲ್ಲ.

1994ರಲ್ಲಿ ವಿಮರ್ಶಕ ಸೈಮನ್ ರೆನಾಲ್ಡ್ಸ್, ರಾಕ್ ವಾದ್ಯಗಳನ್ನು ರಾಕ್ ಅಲ್ಲದ ಕೆಲಸಕ್ಕೆ ಬಳಸುವ ಹೊಸ ಬ್ಯಾಂಡ್‌ಗಳಿಗೆ ಪೋಸ್ಟ್-ರಾಕ್ ಅಂತ ಹೆಸರು ಕೊಟ್ಟ. ಆ ಹೆಸರಿನ ಕೆಳಗೆ ಬರುವ ಬ್ಯಾಂಡ್‌ಗಳ ಹಿಂದೆ ಹುಡುಕಿಕೊಂಡು ಹೋದರೆ ಈ ಎರಡು ಆಲ್ಬಮ್‌ಗಳೇ ಸಿಗುತ್ತವೆ. ಹೆಸರು ಹುಟ್ಟುವ ಹೊತ್ತಿಗೆ ಟಾಕ್ ಟಾಕ್ ಮುಗಿದುಹೋಗಿತ್ತು.

ಹಳೆಯ ಅಭಿಮಾನಿಗಳ ಸಿಟ್ಟಿನ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ಅವರನ್ನು ರುಚಿ ಇಲ್ಲದವರು ಅಂತ ತಳ್ಳಿಹಾಕುವುದು ನನಗೆ ಇಷ್ಟ ಇಲ್ಲ. ಹಾಡಿಕೊಂಡು ಓಡಾಡಬಹುದಾದ ಹಾಡು ಕೊಡುವುದು ಸಣ್ಣ ಕೆಲಸ ಅಲ್ಲ, ಅದನ್ನು ಕೊಡಬಲ್ಲ ಒಂದು ಬ್ಯಾಂಡ್ ಅದನ್ನು ನಿಲ್ಲಿಸಿದರೆ ಕೇಳುವವರಿಗೆ ನಿಜವಾಗಿಯೂ ನಷ್ಟ. ನಷ್ಟ ಆಗಿದ್ದನ್ನು ಒಪ್ಪಿಕೊಂಡೂ, ಬ್ಯಾಂಡ್ ಮಾಡಿದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಹಾಲಿಸ್ ಮೂರನೆಯ ಸಲ, ನಾಲ್ಕನೆಯ ಸಲ ಅದೇ ಹಾಡನ್ನು ಬರೆದಿದ್ದರೆ ಅದು ಟೊಳ್ಳಾಗಿ ಕೇಳುತ್ತಿತ್ತು, ಯಾಕೆಂದರೆ ಅವನ ಮನಸ್ಸು ಅಲ್ಲಿರಲಿಲ್ಲ. ಮನಸ್ಸಿಲ್ಲದೆ ಹಾಡಿದ್ದು ಕೇಳುವವರಿಗೆ ಗೊತ್ತಾಗದೆ ಇರುವುದಿಲ್ಲ.

ಆಮೇಲೆ ಬಂದ ಪ್ರಶ್ನೆಗಳು.

ಒಬ್ಬರು ಕೇಳಿದರು: "ಮೊದಲ ದಿನದಿಂದಲೇ ದುಡ್ಡು ಇದ್ದಿದ್ದರೆ 1982ರಲ್ಲೇ ಅವರು ಈ ಆಲ್ಬಮ್ ಮಾಡುತ್ತಿದ್ದರಾ?" ಒಳ್ಳೆಯ ಪ್ರಶ್ನೆ, ನನ್ನ ವಾದ ಎಲ್ಲಿ ತೆಳುವಾಗಿದೆಯೋ ಅಲ್ಲೇ ಕೈ ಇಟ್ಟಿದ್ದಾರೆ. ಮಾಡುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಆಸೆ ಇತ್ತು, ಕೈ ಪಳಗಿರಲಿಲ್ಲ. ಆಲ್ಬಮ್‌ನ ಎರಡನೆಯ ಹಾಡು 'ಈಡನ್' ಅನ್ನು ಗಮನವಿಟ್ಟು ಕೇಳಿ. ಎಷ್ಟೇ ಹರಡಿಕೊಂಡಿದ್ದರೂ ಅದರ ಒಳಗೆ ಪಲ್ಲವಿ ಇದೆ, ಏರುವ ಜಾಗ ಇದೆ, ಯಾವಾಗ ಬಿಟ್ಟುಕೊಡಬೇಕು ಅನ್ನುವ ಲೆಕ್ಕ ಇದೆ. ಅದು ಮೂರು ನಾಲ್ಕು ನಿಮಿಷದ ಹಾಡುಗಳನ್ನು ವರ್ಷಗಟ್ಟಲೆ ಬರೆದು ಕಲಿತದ್ದು. ಸುತ್ತುದಾರಿ ಅಂದೆ, ನಿಜ. ಆದರೆ ನಡೆಯೋಕೆ ಕಲಿತದ್ದು ಆ ದಾರಿಯಲ್ಲೇ. ಹೊಸದನ್ನೇ ಮಾಡುತ್ತೇವೆ ಅಂತ ಮೊದಲ ದಿನದಿಂದ ಹೊರಟ ಎಷ್ಟೋ ಬ್ಯಾಂಡ್‌ಗಳ ಉದ್ದನೆಯ ಹಾಡುಗಳು ಯಾಕೆ ಸಡಿಲವಾಗಿ ಕೇಳುತ್ತವೆ ಅನ್ನುವುದಕ್ಕೂ ಇದೇ ಕಾರಣ ಇರಬೇಕು.

ಇನ್ನೊಬ್ಬರು ಹಾಲಿಸ್ ಆಮೇಲೆ ಏನು ಮಾಡಿದ ಅಂತ ಕೇಳಿದರು. 1998ರಲ್ಲಿ ತನ್ನ ಹೆಸರಿನಲ್ಲೇ ಒಂದು ಆಲ್ಬಮ್ ತಂದ. ಎಲ್ಲಾ ನಿಜವಾದ ವಾದ್ಯಗಳು, ಇನ್ನೂ ಮೆಲ್ಲಗೆ. ಆಮೇಲೆ ಸಂಗೀತದ ವ್ಯವಹಾರದಿಂದ ಹಿಂದೆ ಸರಿದು ಕುಟುಂಬದ ಜೊತೆ ಇದ್ದುಬಿಟ್ಟ. 2003ರಲ್ಲಿ ನೋ ಡೌಟ್ ಬ್ಯಾಂಡ್ 'ಇಟ್ಸ್ ಮೈ ಲೈಫ್' ಹಾಡಿ ಮತ್ತೆ ದೊಡ್ಡ ಹಿಟ್ ಮಾಡಿದಾಗಲೂ ಅವನು ಹೊರಗೆ ಬರಲಿಲ್ಲ. 2019ರ ಫೆಬ್ರವರಿಯಲ್ಲಿ, 64ನೇ ವಯಸ್ಸಿನಲ್ಲಿ ತೀರಿಕೊಂಡ.

ಕೊನೆಯ ಪ್ರಶ್ನೆ, ಎಲ್ಲಿಂದ ಶುರು ಮಾಡಬೇಕು ಅಂತ. 'ದಿ ಕಲರ್ ಆಫ್ ಸ್ಪ್ರಿಂಗ್' ಪೂರ್ತಿ ಕೇಳಿ, ಈ ಸಲ ಆ ಎರಡು ಮೆಲ್ಲನೆಯ ಹಾಡುಗಳನ್ನು ದಾಟಿಸಬೇಡಿ. ಆಮೇಲೆ 'ಸ್ಪಿರಿಟ್ ಆಫ್ ಈಡನ್'. ಸುಮಾರು 40 ನಿಮಿಷ, ಒಂದೇ ಸಲಕ್ಕೆ, ಬೇರೆ ಕೆಲಸ ಮಾಡದೆ. ಶುರುವಿನಲ್ಲಿ ಏನೂ ಕೇಳುತ್ತಿಲ್ಲ ಅಂತ ವಾಲ್ಯೂಮ್ ಏರಿಸಿ ಇಟ್ಟುಕೊಂಡರೆ 'ಡಿಸೈರ್' ಬಂದಾಗ ಕಷ್ಟ, ಹಾಗಾಗಿ ಏರಿಸಬೇಡಿ, ಕಿವಿಯೇ ಹೊಂದಿಕೊಳ್ಳುತ್ತದೆ. ಮೊದಲ ಸಲ ಹಿಡಿಸದಿದ್ದರೆ ಬಲವಂತ ಬೇಡ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಹಾಕಿ. 'ಲಾಫಿಂಗ್ ಸ್ಟಾಕ್' ಆಮೇಲೆ. 1991ರಲ್ಲಿ ಇಎಂಐ ಇವರ ಒಪ್ಪಿಗೆ ಇಲ್ಲದೆ ಹಳೆಯ ಹಾಡುಗಳನ್ನು ಕುಣಿತಕ್ಕೆ ರೀಮಿಕ್ಸ್ ಮಾಡಿಸಿ ಒಂದು ಆಲ್ಬಮ್ ಬಿಟ್ಟಿತ್ತು. ಬ್ಯಾಂಡ್ ದಾವೆ ಹೂಡಿ, ಮಾರಾಟವಾಗದೆ ಉಳಿದ ಪ್ರತಿಗಳನ್ನು ಕಂಪನಿಯಿಂದಲೇ ನಾಶ ಮಾಡಿಸಿತು. ಅದು ಎಲ್ಲಾದರೂ ಸಿಕ್ಕರೆ ಬಿಟ್ಟುಬಿಡಿ.